ನರೋರಾದಲ್ಲಿ ಒಂದು ದಿನ

ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ನೆಂಟರಿಗೆ ತೋರಿಸುವ ಸ್ಥಳಗಳ ಪಟ್ಟಿ ವಾಚಕರಿಗೆಲ್ಲ ಬಾಯಿಪಾಠವಾಗಿರತಕ್ಕದ್ದೇ. ಕುತುಬ್ ಮಿನಾರು, ಕೆಂಪುಕೋಟೆ, ಬಿರ್ಲಾ ಮಂದಿರ. ಎರಡು ದಿನ ಹೆಚ್ಚಿಗೆ ಸಿಕ್ಕಿದರೆ ಆಗ್ರಾ, ಮಥುರಾ. ನೆಂಟರು ಇನ್ನೂ ಉಳಿದರೆ ಹರಿದ್ವಾರದ ಗಂಗಾಸ್ನಾನ. ಈ ಪಟ್ಟಿಯಲ್ಲಿ ನರೋರಾದ ಹೆಸರನ್ನು ನಾವು ಯಾರ ಬಾಯಲ್ಲೂ ಕೇಳಿದ್ದಿಲ್ಲ. ಆದರೂ ಅದು ದೆಹಲಿಯಿಂದ ಸುಮಾರು 150 ಕಿಲೋಮೀಟರು ದೂರದಲ್ಲಿ, ಗಂಗೆಯ ದಡದಲ್ಲಿಯೇ ಇದೆ. ಅಲ್ಲಿ ನದಿಗೆ ಅಡ್ಡಲಾಗಿ ಕಟ್ಟೆಯಿದೆ, ಅದರಿಂದ ಹೊರಟ ದೊಡ್ಡ ಕಾಲುವೆಯಿದೆ, ಪಕ್ಕದಲ್ಲಿ ಅಣುವಿದ್ಯುತ್ ಕೇಂದ್ರವಿದೆ. ಕಳೆದ ಫೆಬ್ರವರಿಯಲ್ಲಿ ನಾವು ಎಂಟು ಜನ ಅಲ್ಲಿಗೆ ಹೋಗಿ ಬಂದೆವು.

ಹೋದದ್ದು ಕೇವಲ ವಿಹಾರಕ್ಕಲ್ಲ. ನಮ್ಮ ಸಂಘದ ಹಿರಿಯರೊಬ್ಬರ ಮಗನಿಗೆ ಆ ಕೇಂದ್ರದಲ್ಲಿ, ಉಪಕರಣಗಳ ವಿಭಾಗದಲ್ಲಿ, ಕೆಲಸ ದೊರೆತಿತ್ತು. ಹಿರಿಯರನ್ನು ನಾವೆಲ್ಲ ರಾಯರೆಂದೂ ಅವರ ಮನೆಯವರನ್ನು ಅತ್ತಿಗೆಯೆಂದೂ ಕರೆಯುವುದು ವಾಡಿಕೆ. ರಾಯರಿಗೆ ಸಂತೋಷ, ಹುಡುಗನಿಗೆ ಅದಕ್ಕಿಂತ ಹೆಚ್ಚಿನ ಸಂತೋಷ. ಅತ್ತಿಗೆಗೆ ಮಾತ್ರ ನೇಮಕದ ಆದೇಶ ಬಂದ ದಿನದಿಂದ ನಿದ್ದೆಯಿಲ್ಲ. “ಬೇರೆ ಎಲ್ಲಿಯಾದರೂ ಹೋಗಲಿ, ಅಲ್ಲಿಗೆ ಬೇಡ” ಎಂಬುದು ಅವರ ಹಟ. ಅಂತರಂಗದ ಭಯವನ್ನು ವಾದದಿಂದ ಗೆಲ್ಲುವುದಕ್ಕೆ ಆಗುವುದಿಲ್ಲ. ಆದುದರಿಂದ ಊರನ್ನು ಕಣ್ಣಾರೆ ನೋಡಿ, ಅಲ್ಲಿ ಸಂಸಾರ ಹೂಡಿರುವ ಕನ್ನಡಿಗರೊಬ್ಬರನ್ನು ವಿಚಾರಿಸಿಕೊಂಡು ಬರುವುದೆಂದು ನಿಶ್ಚಯವಾಯಿತು. ಹುಡುಗ ಕೆಲಸಕ್ಕೆ ಸೇರಬೇಕಾದ ದಿನಕ್ಕೆ ಇನ್ನು ಹದಿನೈದೇ ದಿನಗಳಿದ್ದವು.

ಶನಿವಾರ ಬೆಳಗಿನ ಜಾವ ಬಾಡಿಗೆಯ ವ್ಯಾನಿನಲ್ಲಿ ಹೊರಟೆವು. ಪುಳಿಯೋಗರೆ, ಮೊಸರನ್ನ, ಉಪ್ಪಿನಕಾಯಿ, ಎರಡು ಡಬ್ಬಿ ಚಕ್ಕುಲಿ ನಮ್ಮ ಜೊತೆಗಿದ್ದವು. ಗಾಜಿಯಾಬಾದಿನ ಗದ್ದಲ ದಾಟುವ ತನಕ ಮಾತಾಡುವವರಿಲ್ಲ. ಬುಲಂದಶಹರದ ಕಡೆ ತಿರುಗಿದ ಮೇಲೆ ಮಂಜು ಕರಗಿ ಹೊಲಗಳು ಕಾಣಿಸಿಕೊಂಡವು. ಒಂದು ಕಡೆ ಸಾಸುವೆಯ ಹಳದಿ, ಇನ್ನೊಂದು ಕಡೆ ಗೋಧಿಯ ಹಸುರು, ನಡುನಡುವೆ ಕಬ್ಬು ಹೇರಿಕೊಂಡು ಹೊಯ್ದಾಡುತ್ತ ಬರುವ ಟ್ರಾಕ್ಟರುಗಳು. ಮಂಡ್ಯದ ಕಡೆಯವರೊಬ್ಬರು ನಮ್ಮಲ್ಲಿದ್ದರು. ಕಬ್ಬು ಕಂಡಲ್ಲೆಲ್ಲ ನಿಟ್ಟುಸಿರು ಬಿಟ್ಟರು. ದಿಬಾಯಿ ಎಂಬ ಊರನ್ನು ದಾಟಿದ ಮೇಲೆ ಬಯಲಿನಂಚಿನಲ್ಲಿ ಬೃಹದಾಕಾರದ ಗೋಪುರಗಳು ಎದ್ದು ನಿಂತವು. ಈಶ್ವರನ ಡಮರುಗದಂತೆ ನಡು ಸಣ್ಣಗಾಗಿ ಮೇಲೆ ಅಗಲವಾದವು. ಬಾಯಿಂದ ಬಿಳಿಯ ಮೋಡ ಹೊರಡುತ್ತಿತ್ತು. ಅತ್ತಿಗೆ ಮೌನವಾಗಿ ಅದನ್ನೇ ದಿಟ್ಟಿಸಿದರು. ಅದು ಹೊಗೆಯಲ್ಲ, ನೀರಿನ ಹಬೆ. ಯಂತ್ರಗಳಲ್ಲಿ ಕಾಯ್ದ ನೀರನ್ನು ತಂಪುಮಾಡುವ ಗೋಪುರಗಳವು ಎಂದು ಹುಡುಗ ಹೇಳಿದ. ಅವರು ಉತ್ತರ ಕೊಡಲಿಲ್ಲ.

ಮೊದಲು ನಾವು ಹೋದದ್ದು ಗಂಗೆಯ ಕಟ್ಟೆಗೆ. ಇಲ್ಲಿಂದ ಹೊರಡುವ ಕೆಳಗಂಗಾ ಕಾಲುವೆಯಲ್ಲಿ ನೀರು ಹರಿಯತೊಡಗಿದ್ದು 1878ರಲ್ಲಿ. ಗಂಗಾ ಯಮುನೆಗಳ ನಡುವಣ ನೆಲಕ್ಕೆ, ಕಾನ್ಪುರದ ಕಡೆಯವರೆಗೂ, ನೀರುಣಿಸುವ ಕಾಲುವೆ ಇದು. ಕಟ್ಟೆಯ ಕಂಬದ ಮೇಲೆ ಅಡಿಗಳನ್ನು ಗುರುತು ಮಾಡಿದ ಬಣ್ಣದ ಪಟ್ಟಿಯಿತ್ತು. ನೀರು ಯಾವ ಗೆರೆಯನ್ನು ಮುಟ್ಟಿದೆಯೋ ಅದೇ ನೀರಿನ ಮಟ್ಟ. ಓದುಬಾರದ ಬೆಸ್ತನಿಗೂ ಅರ್ಥವಾಗುವ ಲೆಕ್ಕ. ನಮ್ಮ ಕಣ್ಣು, ಗೆರೆ, ನೀರು ಮೂರೂ ಒಂದೇ ಕಡೆ ಇವೆ, ಮಧ್ಯಸ್ಥರಿಲ್ಲ. ಮಧ್ಯಾಹ್ನ ಕೇಳಿದ ಸಂಗತಿಗಳ ಮುಂದೆ ಈ ಪಟ್ಟಿಯ ಸರಳತೆ ನಮಗೆ ಪದೇ ಪದೇ ನೆನಪಿಗೆ ಬಂತು.

ಮಧ್ಯಾಹ್ನದ ಊಟ ಕೇಂದ್ರದ ನೌಕರರ ವಸತಿಯಲ್ಲಿ. ನಮ್ಮ ಆತಿಥೇಯರು ಧಾರವಾಡದ ಕಡೆಯ ಇಂಜಿನಿಯರು. ಕೈಗಾದಲ್ಲಿ ಕೆಲವು ವರ್ಷ ದುಡಿದು ಇಲ್ಲಿಗೆ ವರ್ಗವಾಗಿ ಬಂದವರು. ಮರಗಳ ಸಾಲು, ಮಕ್ಕಳ ಶಾಲೆ, ತರಕಾರಿಯ ಅಂಗಡಿ, ಒಣಗಲು ಹಾಕಿದ ಹಪ್ಪಳ. ಯಾವುದೇ ಸರಕಾರಿ ವಸತಿಯಂತೆಯೇ ಇತ್ತು. ಸ್ಥಾವರದ ಒಳಕ್ಕೆ ಹೋಗುವುದು ನಮ್ಮ ಉದ್ದೇಶವಾಗಿರಲಿಲ್ಲ. ಅದಕ್ಕೆ ಮುಂಚಿತವಾಗಿ ಅಪ್ಪಣೆ ಬೇಕು. ನಮಗೆ ಬೇಕಾಗಿದ್ದುದು ಅಲ್ಲಿಯವರೊಡನೆ ಒಂದು ಗಳಿಗೆಯ ಮಾತು.

ಊಟವಾದ ಮೇಲೆ ಎಲೆಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಅತ್ತಿಗೆ ನೇರವಾಗಿ ಕೇಳಿದರು: “ಅಲ್ಲಪ್ಪ, ಒಳಗೆ ಏನು ನಡೀತಿದೆ ಅಂತ ನೀವು ಯಾರೂ ಕಣ್ಣಲ್ಲಿ ನೋಡೋ ಹಾಗಿಲ್ಲವಂತೆ. ಎಲ್ಲಾ ಮೀಟರು ನೋಡಿ ತಿಳಕೊಳ್ಳೋದಂತೆ. ಆ ಮೀಟರೇ ಕೆಟ್ಟು ಸುಳ್ಳು ಹೇಳ್ತಿದ್ದರೆ ನಿಮಗೆ ಗೊತ್ತಾಗೋದು ಹೇಗೆ?”

ಬಿ.ಎ. ಓದಿದ ನಮಗೆ ಭೌತವಿಜ್ಞಾನ ದೂರದ ನೆಂಟ. ಆದರೆ ಪ್ರಶ್ನೆಯ ತೂಕ ನಮಗೂ ತಿಳಿಯಿತು. ಇಂಜಿನಿಯರು ನಗಲಿಲ್ಲ. “ಅಕ್ಕಾರ, ನೀವು ಕೇಳಿದ್ದು ಭಾಳ ದೊಡ್ಡ ಪ್ರಶ್ನಿ. ದೀಪ ಹತ್ತಿತೋ ಇಲ್ಲೋ ಅನ್ನೂದು ಆಮ್ಯಾಲ. ಆ ದೀಪ ಏನನ್ನ ನೋಡಿ ಹತ್ತೇದ, ಅದನ್ನ ಮೊದಲ ಕೇಳಬೇಕು” ಎಂದು ಆರಂಭಿಸಿ ಅಮೆರಿಕೆಯ ಕಥೆಯೊಂದನ್ನು ಹೇಳಿದರು.

ಪೆನ್ಸಿಲ್ವೇನಿಯಾ ರಾಜ್ಯದ ಸಸ್ಕ್ವೆಹಾನಾ ನದಿಯ ನಡುಗಡ್ಡೆಯೊಂದರಲ್ಲಿ ಥ್ರೀ ಮೈಲ್ ಐಲೆಂಡ್ ಎಂಬ ಅಣುವಿದ್ಯುತ್ ಕೇಂದ್ರ. 1979ರ ಮಾರ್ಚ್ 28ರ ಬೆಳಗಿನ ಜಾವ 4 ಗಂಟೆಗೆ ಅಲ್ಲಿನ ಎರಡನೆಯ ಘಟಕದಲ್ಲಿ ನೀರೂಡುವ ಪಂಪುಗಳು ನಿಂತವು. ಒಳಗೆ ಒತ್ತಡ ಏರಿತು. ಅದನ್ನು ಇಳಿಸುವ ಕವಾಟ ತಾನಾಗಿ ತೆರೆಯಿತು. ಒತ್ತಡ ಇಳಿದ ಮೇಲೆ ಅದು ಮುಚ್ಚಿಕೊಳ್ಳಬೇಕಾಗಿತ್ತು, ಮುಚ್ಚಲಿಲ್ಲ. ಆದರೆ ನಿಯಂತ್ರಣ ಕೋಣೆಯಲ್ಲಿ ಆ ಕವಾಟದ ದೀಪ ಆರಿತು. ಆರಿದ್ದರಿಂದ ಕವಾಟ ಮುಚ್ಚಿತೆಂದೇ ಅಲ್ಲಿದ್ದವರು ಗ್ರಹಿಸಿದರು. ವಾಸ್ತವದಲ್ಲಿ ಆ ದೀಪದ ತಂತಿ ಕವಾಟದ ಚಲನೆಗೆ ಸೇರಿಯೇ ಇರಲಿಲ್ಲ. ಮುಚ್ಚಿಕೊಳ್ಳೆಂಬ ಅಪ್ಪಣೆ ಹೊರಟಿತೆಂಬುದನ್ನಷ್ಟೇ ಅದು ತೋರಿಸುತ್ತಿತ್ತು. ಅಪ್ಪಣೆ ಪಾಲನೆಯಾಯಿತೇ ಎಂಬುದು ಅದಕ್ಕೆ ತಿಳಿಯದು.

ಇದನ್ನು ಕೇಳಿದಾಗ ಗುಮಾಸ್ತಗಿರಿಯ ನಮಗೆ ಕೂಡಲೇ ಅರ್ಥವಾಯಿತು. ಯಾವ ಕಚೇರಿಯಲ್ಲಾದರೂ ರವಾನೆಯ ರಿಜಿಸ್ಟರು ಇದ್ದೇ ಇರುತ್ತದೆ. ಇಂಥ ತಾರೀಖು, ಇಂಥ ನಂಬರಿನ ಆದೇಶ ಹೊರಟಿತು ಎಂದು ಅದರಲ್ಲಿ ಬರೆದಿದೆ. ಆದೇಶ ಹೊರಟಿದೆಯೆಂಬುದು ಸತ್ಯವೇ. ಅಷ್ಟರಿಂದ ಊರಿನ ಬಾವಿ ತೋಡಿ ಮುಗಿಯಿತೆಂದು ತಿಳಿದರೆ, ಬೇಸಗೆಯಲ್ಲಿ ಕೊಡ ಹಿಡಿದು ನಿಂತ ಹೆಂಗಸರಿಗೆ ರಿಜಿಸ್ಟರು ನೀರು ಕೊಡುವುದಿಲ್ಲ. ಆ ದೀಪವೂ ರವಾನೆಯ ರಿಜಿಸ್ಟರೇ ಆಗಿತ್ತು.

ಕಥೆ ಅಷ್ಟಕ್ಕೆ ಮುಗಿಯಲಿಲ್ಲ. ಕವಾಟದ ಮುಂದಿನ ಕೊಳವೆ ಬಿಸಿಯಾಗಿದೆಯೆಂದು ಇನ್ನೊಂದು ಮಾಪಕ ತೋರಿಸುತ್ತಿತ್ತು. ಆದರೆ ಮೊದಲಿನಿಂದಲೂ ಅಲ್ಲಿ ಸ್ವಲ್ಪ ಸೋರಿಕೆಯಿದ್ದುದರಿಂದ ಆ ಬಿಸಿ ಎಲ್ಲರಿಗೂ ರೂಢಿಯಾಗಿಹೋಗಿತ್ತು. ಹುಲಿ ಬಂತು ಹುಲಿ ಎಂದು ದಿನವೂ ಕೂಗಿದ ಹುಡುಗನ ಪಾಡು ಆ ಮಾಪಕಕ್ಕಾಯಿತು. ನೂರಕ್ಕೂ ಮಿಕ್ಕಿ ಎಚ್ಚರಿಕೆಯ ಗಂಟೆ ದೀಪಗಳು ಒಟ್ಟಿಗೆ ಎದ್ದವು. ಅವನ್ನು ಅಚ್ಚುಮಾಡುತ್ತಿದ್ದ ಯಂತ್ರ ಹಿಂದೆ ಬಿದ್ದು ತಾಸುಗಟ್ಟಲೆ ಹಳೆಯ ಸುದ್ದಿಯನ್ನು ಮುದ್ರಿಸುತ್ತಿತ್ತು. ಎರಡು ತಾಸಿಗೂ ಹೆಚ್ಚು ಕಾಲ ನೀರು ಹರಿದುಹೋಯಿತು. ಇನ್ನೊಂದು ಮಾಪಕ ನೀರು ಹೆಚ್ಚಾಗಿದೆಯೆಂಬಂತೆ ತೋರಿದ್ದರಿಂದ, ಆಪತ್ತಿಗೆಂದು ಇದ್ದ ನೀರನ್ನೂ ಅವರು ತಗ್ಗಿಸಿದರು. 6 ಗಂಟೆ 22 ನಿಮಿಷಕ್ಕೆ ಇನ್ನೊಂದು ಕವಾಟವನ್ನು ಮುಚ್ಚಿ ಸೋರಿಕೆ ನಿಲ್ಲಿಸುವ ಹೊತ್ತಿಗೆ ಇಂಧನಕ್ಕೆ ಬಲವಾದ ಪೆಟ್ಟು ಬಿದ್ದಿತ್ತು. ಒಟ್ಟಿನಲ್ಲಿ ಸುಮಾರು ಅರ್ಧದಷ್ಟು ಕರಗಿತೆಂದು ಮುಂದೆ ತಿಳಿಯಿತು. ಹೊರಗಿನ ಜನಕ್ಕೆ ತಗುಲಿದ ವಿಕಿರಣ ಅಲ್ಪವೆಂದು ತನಿಖೆಗಳು ಹೇಳಿದರೂ, ಲಕ್ಷಕ್ಕೂ ಹೆಚ್ಚು ಮಂದಿ ಆ ದಿನಗಳಲ್ಲಿ ಮನೆಮಠ ಬಿಟ್ಟು ಹೋದರು. ಗಣಿತಜ್ಞ ಜಾನ್ ಕೆಮೆನಿಯವರ ಅಧ್ಯಕ್ಷತೆಯಲ್ಲಿ ಆಯೋಗ ಕೂತಿತು. ಆಮೇಲೆ ಅಮೆರಿಕೆಯ ಕೇಂದ್ರಗಳಲ್ಲೆಲ್ಲ ಅಂಥ ಕವಾಟದ ನಿಜಸ್ಥಿತಿಯನ್ನೇ ನೇರವಾಗಿ ತಿಳಿಸುವ ಉಪಕರಣ ಕೂಡಿಸಬೇಕೆಂದೂ, ನೀರು ಕುದಿಯುವ ಹಂತಕ್ಕೆ ಎಷ್ಟು ಸಮೀಪವಿದೆಯೆಂದು ತೋರಿಸುವ ಮಾಪಕ ಬೇಕೆಂದೂ, ಅಪಘಾತದ ಹೊತ್ತಿನ ಹೆಚ್ಚಿನ ವಿಕಿರಣವನ್ನೂ ಅಳೆಯಬಲ್ಲ ಯಂತ್ರಗಳಿರಬೇಕೆಂದೂ ವಿಧಿಯಾಯಿತು.

“ಅದು ಅಮೆರಿಕ. ಆಮೇಲೆ ಎಲ್ಲ ಸರಿಹೋಯಿತೋ?” ಎಂದು ಅತ್ತಿಗೆ ಬಿಡಲಿಲ್ಲ.

“ಇಲ್ರೀ” ಎಂದು ಇಂಜಿನಿಯರು ಜಪಾನಿನ ಫುಕುಶಿಮಾಕ್ಕೆ ಬಂದರು. 2011ರ ಮಾರ್ಚ್ 11ರಂದು ಭೂಕಂಪ, ಅದರ ಬೆನ್ನಿಗೆ ಸಮುದ್ರದ ಅಲೆ. ವಿದ್ಯುತ್ತೇ ಇಲ್ಲದೆ ಮಾಪಕಗಳೆಲ್ಲ ಕುರುಡಾದವು. ಅಲ್ಲಿಯ ಕೆಲಸಗಾರರು ಕಾರುಗಳ ಬ್ಯಾಟರಿ ಬಿಚ್ಚಿ ತಂದು ಅವಕ್ಕೆ ಜೀವ ಕೊಟ್ಟರು. ಜೀವ ಬಂದ ಒಂದನೆಯ ಘಟಕದ ನೀರಿನ ಮಾಪಕ ಆ ರಾತ್ರಿ ಇಂಧನದ ಮೇಲೆ ನೀರಿದೆಯೆಂದು ತೋರಿಸಿತು. ನೀರು ಅದಾಗಲೇ ಇಳಿದುಹೋಗಿತ್ತು. ಆ ಮಾಪಕ ಕೆಲಸ ಮಾಡುವುದು ತಕ್ಕಡಿಯಂತೆ: ಒಂದು ಕೊಳವೆಯಲ್ಲಿ ಸದಾ ತುಂಬಿರುವ ನೀರು ತೂಕದ ಕಲ್ಲಿನ ಸ್ಥಾನದಲ್ಲಿ, ಸ್ಥಾವರದ ಒಳಗಿನ ನೀರು ಸಾಮಾನಿನ ಸ್ಥಾನದಲ್ಲಿ. ವಿಪರೀತ ಬಿಸಿಗೆ ಕೊಳವೆಯ ನೀರು ಆವಿಯಾಯಿತು. ತೂಕದ ಕಲ್ಲೇ ಸವೆದರೆ ಹಿಡಿ ಅಕ್ಕಿಯೂ ಸೇರಿನಂತೆ ತೂಗುತ್ತದಲ್ಲವೆ? ಮೇ ತಿಂಗಳಲ್ಲಿ ಒಳಹೊಕ್ಕು ಮಾಪಕವನ್ನು ಸರಿಪಡಿಸಿ ನೋಡಿದಾಗ, ನೀರು ಇಂಧನದ ಮೇಲ್ತುದಿ ಇರಬೇಕಾದ ಸ್ಥಾನಕ್ಕಿಂತ 5 ಮೀಟರಿಗೂ ಕೆಳಗಿತ್ತು.

ಆಮೇಲೆ ಅವರು ತಾವಾಗಿಯೇ ನರೋರಾದ ಮಾತಿಗೆ ಬಂದರು. ಇದನ್ನು ಅವರು ಮುಚ್ಚಿಡಲಿಲ್ಲವೆಂಬುದೇ ನಮಗೆ ಹೆಚ್ಚು ಧೈರ್ಯ ತಂದದ್ದು. ಇಲ್ಲಿಯ ಎರಡು ಘಟಕಗಳು ತಲಾ 220 ಮೆಗಾವಾಟಿನವು. ಮೊದಲನೆಯದು 1991ರ ಜನವರಿಯಲ್ಲಿಯೂ ಎರಡನೆಯದು 1992ರ ಜುಲೈಯಲ್ಲಿಯೂ ವಾಣಿಜ್ಯ ಉತ್ಪಾದನೆ ಆರಂಭಿಸಿದವು. 1993ರ ಮಾರ್ಚ್ 31ರ ಬೆಳಗಿನ ಜಾವ ಮೂರೂವರೆಯ ಹೊತ್ತಿಗೆ ಮೊದಲ ಘಟಕದ ಟರ್ಬೈನಿನ ಎರಡು ಅಲಗುಗಳು ಮುರಿದವು. ಯಂತ್ರ ಅದುರಿ, ಜಲಜನಕ ಸೋರಿ ಬೆಂಕಿ ಹತ್ತಿತು, ಎಣ್ಣೆಗೆ ತಗುಲಿತು, ಕೇಬಲುಗಳ ಮಾರ್ಗವಾಗಿ ಹರಡಿತು. ಬೇರೆಬೇರೆ ಸರಬರಾಜಿನ ಕೇಬಲುಗಳು ಒಂದಕ್ಕೊಂದು ಹತ್ತಿರವಿದ್ದುದರಿಂದ ಒಂದು ಕೆಟ್ಟರೆ ಇನ್ನೊಂದು ಎಂಬ ಏರ್ಪಾಡು ಫಲಿಸಲಿಲ್ಲ. ಸುಮಾರು 17 ತಾಸು ಘಟಕಕ್ಕೆ ವಿದ್ಯುತ್ತಿಲ್ಲ. ನಿಯಂತ್ರಣ ಕೋಣೆಗೆ ಹೊಗೆ ತುಂಬಿ ಅಲ್ಲಿಯವರು ಹೊರಬರಬೇಕಾಯಿತು.

ಆದರೆ ಹೊರಬರುವ ಮುಂಚೆ, ಅಲಗು ಮುರಿದು ಒಂದು ನಿಮಿಷ ತುಂಬುವುದರೊಳಗೇ, ಅವರು ಸ್ಥಾವರವನ್ನು ಸ್ಥಗಿತಗೊಳಿಸಿದ್ದರು. ಬಳಿಕ ಕೆಲವರು ಕೈಯಲ್ಲಿ ಟಾರ್ಚು ಹಿಡಿದು ಕತ್ತಲೆಯಲ್ಲಿ ಸ್ಥಾವರದ ಕಟ್ಟಡದ ಮೇಲಕ್ಕೆ ಹತ್ತಿ, ಬೋರಾನ್ ದ್ರಾವಣ ಇಳಿಯುವಂತೆ ಕವಾಟಗಳನ್ನು ಕೈಯಿಂದಲೇ ತಿರುಗಿಸಿದರು. ಅದು ಬೆರೆತರೆ ಕ್ರಿಯೆ ಮತ್ತೆ ತಲೆಯೆತ್ತುವಂತಿಲ್ಲ. ಬೆಂಕಿಗೆಂದು ಇಟ್ಟ ಡೀಸೆಲ್ ಪಂಪುಗಳ ನೀರನ್ನೇ ಹರಿಸಿ ಶಾಖ ಇಳಿಸಿದರು. ವಿಕಿರಣ ಹೊರಕ್ಕೆ ಬರಲಿಲ್ಲ. ಮಾಪಕಗಳೆಲ್ಲ ಮೂಕವಾದಾಗ ಮನುಷ್ಯರು ಮೆಟ್ಟಿಲು ಹತ್ತಿದ ಆ ರಾತ್ರಿಯನ್ನು ಹೇಳುವಾಗ ಇಂಜಿನಿಯರ ದನಿ ತಗ್ಗಿತು. ಅತ್ತಿಗೆಯೂ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ್ದರು.

ಹಾಗಾದರೆ ಪರಿಹಾರವೇನು? ಅವರು ವಿವರಿಸಿದ್ದನ್ನು ನಮ್ಮ ತಿಳಿವಳಿಕೆಯಷ್ಟು ಬರೆಯುತ್ತೇವೆ. ಮುಖ್ಯವಾದ ಪ್ರತಿಯೊಂದು ಅಳತೆಗೂ ಮೂರು ಮಾಪಕಗಳಿರುತ್ತವೆ. ಮೂರಕ್ಕೂ ಬೇರೆ ತಂತಿ, ಬೇರೆ ವಿದ್ಯುತ್ತು. ಮೂವರು ಸಾಕ್ಷಿಗಳಲ್ಲಿ ಇಬ್ಬರು ಅಪಾಯವೆಂದರೆ ಸ್ಥಾವರ ತಾನಾಗಿ ನಿಲ್ಲುತ್ತದೆ. ಒಬ್ಬನ ಮಾತು ಉಳಿದಿಬ್ಬರಿಗೆ ಹೊಂದದಿದ್ದರೆ ಆ ಮಾಪಕದ ಮೇಲೆ ಗುಮಾನಿ ಹುಟ್ಟುತ್ತದೆ. ಅದನ್ನು ಪರೀಕ್ಷೆಗೆ ತೆಗೆದಾಗ, ಅದು ಅಪಾಯವೆಂದೇ ಹೇಳುತ್ತಿದೆಯೆಂದು ಎಣಿಸುವಂತೆ ಏರ್ಪಡಿಸುವುದು ಪದ್ಧತಿ. ಆಗ ಉಳಿದಿಬ್ಬರಲ್ಲಿ ಒಬ್ಬ ಕೂಗಿದರೂ ಸಾಕು. ತಂತಿ ಕಡಿದರೆ, ವಿದ್ಯುತ್ತು ಹೋದರೆ, ನಿಲ್ಲುವ ಕಡೆಗೇ ವಾಲುವಂತೆ ಅದರ ಜೋಡಣೆ.

ಹಳೆಯ ಮಾಪಕಗಳನ್ನು ಬದಲಾಯಿಸುವುದೂ ಬಲ್ಬು ಬದಲಾಯಿಸಿದಂತಲ್ಲ. ಕಾಲ ಕಳೆದಂತೆ ಮುಳ್ಳು ಕೂದಲೆಳೆಯಷ್ಟು ಸರಿಯುತ್ತ ಹೋಗುತ್ತದೆ. ಕೇಬಲಿನ ಹೊದಿಕೆ ಬಿರುಕು ಬಿಡುತ್ತದೆ. ಬಿಡಿಭಾಗ ಮಾಡುತ್ತಿದ್ದ ಕಾರ್ಖಾನೆಯೇ ಅದನ್ನು ಕೈಬಿಟ್ಟಿರುತ್ತದೆ. ಹೊಸದು ಬಂದರೆ ಅದನ್ನು ನೇರವಾಗಿ ಗೋಡೆಗೆ ತಗುಲಿಸುವುದಿಲ್ಲ. ಅದೇ ಜಾತಿಯ ಉಪಕರಣವನ್ನು ಹಬೆಯಲ್ಲಿ ಬೇಯಿಸಿ, ವಿಕಿರಣಕ್ಕೆ ಒಡ್ಡಿ, ಭೂಕಂಪದಂತೆ ಅಲುಗುವ ಮೇಜಿನ ಮೇಲೆ ಕುಲುಕಿ, ಇಷ್ಟಾದರೂ ಸತ್ಯ ಹೇಳುತ್ತದೆಯೇ ಎಂದು ನೋಡಿದ ಮೇಲೆಯೇ ಒಪ್ಪುವುದು. ಗಣಕಯಂತ್ರದ ಹೊಸ ಮಾಪಕಗಳಲ್ಲಿ ಬೇರೊಂದು ತೊಡಕಿದೆ. ಮೂರಕ್ಕೂ ಒಂದೇ ಬಗೆಯ ಲೆಕ್ಕದ ಕ್ರಮ ತುಂಬಿದ್ದರೆ ಮೂರೂ ಒಂದೇ ತಪ್ಪು ಮಾಡಬಹುದು. ಒಬ್ಬನೇ ವಕೀಲ ಹೇಳಿಕೊಟ್ಟ ಮೂವರು ಸಾಕ್ಷಿಗಳಂತೆ. ಅದಕ್ಕಾಗಿ ಬೇರೆ ತತ್ತ್ವದ ಇನ್ನೊಂದು ಉಪಾಯವೂ ಜೊತೆಗಿರಬೇಕು.

1993ರ ಬೆಂಕಿಯ ನಂತರ ದೇಶದ ಕೇಂದ್ರಗಳಲ್ಲಿ ಟರ್ಬೈನಿನ ಅಲಗುಗಳ ತಪಾಸಣೆಯಾಯಿತು. ಕೇಬಲುಗಳನ್ನು ಬೇರ್ಪಡಿಸಿ ಬೆಂಕಿತಡೆ ಕೂಡಿಸುವ ಕೆಲಸ ನಡೆಯಿತು. ನರೋರಾದಲ್ಲಿ 2005ರ ನಂತರ ಘಟಕಗಳನ್ನು ಒಂದಾದ ಮೇಲೊಂದು ನಿಲ್ಲಿಸಿ, ಪ್ರತಿಯೊಂದರ 306 ಶೀತಕ ನಾಳಗಳನ್ನೂ ಬದಲಾಯಿಸಿದರು. ನಮ್ಮ ಕಾಳೀನದಿಯ ದಡದ ಕೈಗಾ ಇದೇ ಮಾದರಿಯ ತಮ್ಮ. ನರೋರಾದಲ್ಲಿ ಬೆಂಕಿ ಬಿದ್ದಾಗ ಅದಿನ್ನೂ ಕಟ್ಟಡದ ಹಂತದಲ್ಲಿತ್ತು. ಅಣ್ಣ ಪೆಟ್ಟು ತಿಂದು ಕಲಿತ ಪಾಠ ತಮ್ಮನಿಗೆ ಓದುವ ಮೊದಲೇ ದಕ್ಕಿತು. ಆ ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಎಡೆಬಿಡದೆ 962 ದಿನ ನಡೆದು ಅಂದಿಗೆ ಲೋಕದಾಖಲೆ ಮಾಡಿತು. ಅದೇ ಕೈಗಾದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಯಂತ್ರವೊಂದಕ್ಕೆ ಟ್ರಿಟಿಯಂ ಸೇರಿ ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹ ಹೊಕ್ಕಿತ್ತು. ಬಯಲಾದದ್ದು ವಾಡಿಕೆಯ ಮೂತ್ರಪರೀಕ್ಷೆಯಿಂದ. ಯಾರೂ ಲಕ್ಷಿಸದ ನಿತ್ಯದ ಪರೀಕ್ಷೆಯೇ ಕೊನೆಗೆ ಸತ್ಯ ಹೇಳಿತು.

ಇಷ್ಟು ಹೊತ್ತು ಸುಮ್ಮನಿದ್ದ ಇಂಜಿನಿಯರ ಮನೆಯವರು ಆಗ ಒಂದು ಮಾತು ಸೇರಿಸಿದರು: “ನಾವಿಲ್ಲಿ ಮಕ್ಕಳನ್ನ ಮಗ್ಗಲದಾಗ ಹಾಕ್ಕೊಂಡು ಮಲಗೂದು ಆ ಮುಳ್ಳಿನ ಮ್ಯಾಲ ಭರೋಸಾ ಇಟ್ಟ ನೋಡ್ರಿ ಅಕ್ಕಾ. ಅದಕ್ಕ ಇವರು ಅದನ್ನ ದಿನಾ ನಂಬಲಾರದ ನೋಡಬೇಕು.” ಊರು ನಂಬಿ ಮಲಗಬೇಕಾದರೆ ಕೆಲವರು ನಂಬದೆ ಎಚ್ಚರವಿರಬೇಕು. ಹುಡುಗನ ಕೆಲಸ ಏನೆಂದು ರಾಯರಿಗೂ ಅಂದೇ ತಿಳಿದಂತಾಯಿತು.

ಸಂಜೆ ಗಂಗೆಯ ಘಾಟಿಗೆ ಇಳಿದೆವು. ಬ್ರಿಜ್‌ಘಾಟಿನಿಂದ ನರೋರಾದ ತನಕ ಗಂಗೆಯ ಈ ಭಾಗ 2005ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ತ್ವ ಪಡೆದಿದೆ. ಇಲ್ಲಿಯ ಡಾಲ್ಫಿನ್ನಿಗೆ ಕಣ್ಣು ಕಾಣುವುದಿಲ್ಲವೆಂದೇ ಹೇಳಬಹುದು. ತಾನು ಹೊರಡಿಸಿದ ದನಿಯ ಮರುದನಿ ಕೇಳಿಕೊಂಡು ಕದಡಿದ ನೀರಿನಲ್ಲಿ ದಾರಿ ಹುಡುಕುತ್ತದೆ. ಅದರ ಬೆನ್ನೊಂದು ದೂರದಲ್ಲಿ ಹೊಳೆದು ಮುಳುಗಿದ್ದನ್ನು ನಮ್ಮಲ್ಲಿ ಇಬ್ಬರು ಕಂಡೆವೆಂದರು, ಉಳಿದವರು ಒಪ್ಪಲಿಲ್ಲ. ಸುತ್ತಿನ ಹಳ್ಳಿಗಳ ಹಾಲು, ಮೀನು, ಬೆಳೆ, ಈ ನದಿಯ ನೀರು ಇವನ್ನೆಲ್ಲ ತಂದು ಪರೀಕ್ಷಿಸುವ ಪ್ರಯೋಗಾಲಯವೊಂದು ಇಲ್ಲಿದೆಯೆಂದು ದಾರಿಯಲ್ಲಿ ಕೇಳಿದೆವು. ಸ್ವಲ್ಪ ದೂರದ ಕರ್ಣವಾಸವೆಂಬ ಊರನ್ನು ಜನ ಕರ್ಣನ ದಾನಕ್ಕೆ ಗಂಟುಹಾಕುತ್ತಾರೆ. ಪಂಪನ ನಾಡಿನವರಾದ ನಮಗೆ ಅಲ್ಲಿಗೆ ಹೋಗದೆ ಬರಲು ಮನಸ್ಸಾಗಲಿಲ್ಲ. ಹೊತ್ತು ಮುಳುಗುವ ಮುಂಚೆ ಗಂಗೆಗೆ ಕೈಮುಗಿದು ಬಂದೆವು.

ಬೀಳ್ಕೊಡುವಾಗ ಅತ್ತಿಗೆ ಇಂಜಿನಿಯರ ಮನೆಯವರನ್ನು ಪಕ್ಕಕ್ಕೆ ಕರೆದು ಬಹಳ ಹೊತ್ತು ಮಾತನಾಡಿದರು. ಕೊನೆಯಲ್ಲಿ ನಮ್ಮ ಕಿವಿಗೆ ಬಿದ್ದದ್ದಿಷ್ಟು: “ಇಲ್ಲಿ ಹುಣಿಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಎಲ್ಲಿ ಸಿಗುತ್ತಮ್ಮ? ಇವನಿಗೆ ಸಾರಿಲ್ಲದೆ ಊಟ ಸೇರೋಲ್ಲ.” ರಾಯರು ಕನ್ನಡಕ ಒರೆಸಿಕೊಳ್ಳುತ್ತ ನಮ್ಮ ಕಡೆ ನೋಡಿ ನಕ್ಕರು.

ಹೋಗಬಯಸುವ ವಾಚಕರಿಗೆ ಎರಡು ಮಾತು. ರೈಲಿನವರು ಅಲಿಗಢ–ಬರೇಲಿ ಮಾರ್ಗದ ರಾಜಘಾಟ್ ನರೋರಾ ನಿಲ್ದಾಣದಲ್ಲಿ ಇಳಿಯಬೇಕು. ರಸ್ತೆಯವರು ಬೆಳಿಗ್ಗೆ ಬೇಗ ಹೊರಟರೆ ರಾತ್ರಿಗೆ ಮನೆ ಸೇರಬಹುದು. ಚಳಿಗಾಲ ಉತ್ತಮ, ನೀರಹಕ್ಕಿಗಳು ಸಿಗುತ್ತವೆ. ಬುತ್ತಿ ಕಟ್ಟಿಕೊಂಡು ಹೋಗುವುದು ಮೇಲು. ಕಟ್ಟೆಯ ಕಂಬದ ಮೇಲಿನ ಬಣ್ಣದ ಪಟ್ಟಿಯನ್ನು ಮಕ್ಕಳಿಗೆ ತೋರಿಸಿ, ನೀರು ಎಷ್ಟಿದೆಯೆಂದು ಅವರಿಂದಲೇ ಓದಿಸಿರಿ. ಆಮೇಲೆ ದೂರದ ಡಮರುಗದ ಗೋಪುರಗಳನ್ನು ತೋರಿಸಿ, ಅಲ್ಲಿ ಈ ಪಟ್ಟಿಯಷ್ಟೇ ನಿಜ ಹೇಳುವ ಮುಳ್ಳನ್ನು ಕಾಯ್ದುಕೊಳ್ಳಲು ಎಷ್ಟು ಜನ ಹಗಲಿರುಳು ದುಡಿಯುತ್ತಾರೆಂದು ಹೇಳಿರಿ.